ಯಾವುದೇ ವ್ಯಕ್ತಿ, ಯಾವುದೇ ಕಾರಣಕ್ಕೂ

ವಕೀಲರ ಕಚೇರಿಯಲ್ಲಿ ಇಪ್ಪತ್ತೇಳು ವರ್ಷ ಗುಮಾಸ್ತನಾಗಿ ಸವೆದವನಿಗೆ, ಕಕ್ಷಿದಾರರ ಅವಸರದಲ್ಲಿ ಎಷ್ಟು ನಿಜ, ಎಷ್ಟು ನಾಟಕ ಎಂಬುದು ಬಾಗಿಲಲ್ಲೇ ತಿಳಿದುಹೋಗುತ್ತದೆ. ಎದೆ ಬಡಿದುಕೊಂಡು ಅಳುವವರಿಗೆ ಸಾಮಾನ್ಯವಾಗಿ ಇನ್ನೂ ಆರು ತಿಂಗಳ ಸಮಯವಿರುತ್ತದೆ. ಆ ಸೋಮವಾರ ನಾನು ಬೀಗ ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕುಳಿತಿದ್ದ ಮುದುಕರು ಅಳುತ್ತಿರಲಿಲ್ಲ. ಒಗೆದ ಬಿಳಿ ನಿಲುವಂಗಿ ತೊಟ್ಟು, ಒಂದು ಕಾಗದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಬೀಗ ತೆಗೆದು ಅವರನ್ನು ಮೊದಲು ಒಳಗೆ ಕೂರಿಸಿದೆ.

"ಯಾವೂರಜ್ಜ?" ಎಂದೆ.

"ಬುಲಂಗಾ. ನನ್ನ ಹೆಸರು ಲುಯೊಂಬ್ಯ. ನಾಳೆ ಬೆಳಿಗ್ಗೆ ನನ್ನ ಮರ ಉರುಳಿಸ್ತಾರಂತೆ. ತಡೆಯೋಕೆ ಆಗುತ್ತಾ?"

ಅವರು ನಾರುಮಡಿ ಮಾಡುವವರು. ಮುಟುಬಾ ಮರದ ತೊಗಟೆಯನ್ನು ಸುಲಿದು, ಕೊಡತಿಯಿಂದ ಬಡಿದು ಬಡಿದು ಬಟ್ಟೆಯಷ್ಟು ಅಗಲ ಮಾಡಿ, ಬಿಸಿಲಿಗೆ ಹಾಕಿ ಕೆಂಪಗೆ ಮಾಡುವ ಕೆಲಸ. ನಮ್ಮಲ್ಲಿ ಎಷ್ಟೇ ಸಿರಿವಂತ ಸತ್ತರೂ, ಎಂಥ ಸೂಟು ಹಾಕಿ ಮಲಗಿಸಿದರೂ, ಮೇಲೊಂದು ನಾರುಮಡಿ ಸುತ್ತದೆ ಮಣ್ಣಿಗೆ ಇಡುವುದಿಲ್ಲ. ಅಜ್ಜನಿಗೆ ಹತ್ತು ಮರಗಳಿದ್ದವು. ಕಂಪಾಲಾ ಕಡೆಯ ರಸ್ತೆಯನ್ನು ಅಗಲ ಮಾಡುವಾಗ ಹೋದ ವರ್ಷ ಒಂಬತ್ತು ಹೋದವು. ಉಳಿದದ್ದು ಅವರ ತಾತ ನೆಟ್ಟ ತಾಯಿಮರ. ಉಳಿದ ಒಂಬತ್ತೂ ಅದರ ಕೊಂಬೆ ನೆಟ್ಟು ಬೆಳೆಸಿದವೇ ಆಗಿದ್ದವು. ಈಗ ಚರಂಡಿ ನಾಲ್ಕು ಮೀಟರು ಈಚೆಗೆ ಸರಿದಿದೆಯೆಂದು, ತಿಂಗಳುಗಟ್ಟಲೆ ಮೊದಲೇ ಕೊಡಬೇಕಾದ ನೋಟೀಸನ್ನು ಶುಕ್ರವಾರ ಸಂಜೆ ಕೊಟ್ಟಿದ್ದರು. ಮಂಗಳವಾರ ಎಂಟಕ್ಕೆ ಯಂತ್ರ ಬರುತ್ತದೆ. ಪರಿಹಾರ ಸಾಲದೆ ಹೋದರೆ ಮೂವತ್ತು ದಿನದೊಳಗೆ ಮೌಲ್ಯಮಾಪನ ಅಧಿಕಾರಿಗೆ ಅರ್ಜಿ ಹಾಕಿಕೊಳ್ಳಬಹುದು ಎಂದು ಕೊನೆಯಲ್ಲಿ ಬಹಳ ಸೌಜನ್ಯದಿಂದ ಬರೆದಿತ್ತು. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಸೌಜನ್ಯ.

ನಮ್ಮ ವಕೀಲಮ್ಮ ನಬಾಕೂಜಾ ಒಂಬತ್ತಕ್ಕೆ ಬಂದಳು. ಇಪ್ಪತ್ತೊಂಬತ್ತರ ಹುಡುಗಿ, ಹೈಕೋರ್ಟಿನ ಕಚೇರಿ ಯಾವ ಮಹಡಿಯಲ್ಲಿದೆ ಎಂದು ತೋರಿಸಿಕೊಟ್ಟವನೇ ನಾನು; ಅಂದಿನಿಂದ ನನ್ನನ್ನು ಮಾವ ಎಂದೇ ಕರೆಯುತ್ತಾಳೆ. ಕಪ್ಪು ಕೋಟಿನಲ್ಲೇ ಮಂಡಿಯೂರಿ ಅಜ್ಜನಿಗೆ ನಮಸ್ಕರಿಸಿ, ನೋಟೀಸು ಓದಿ, ನನ್ನನ್ನು ಒಳಗೆ ಕರೆದಳು.

"ಮಾವ, ಇದು ರಿಟ್‌ಗೆ ಹೋಗ್ಬೇಕು. ಆದ್ರೆ ಸಿಗುತ್ತೆ ಅನ್ನೋ ಧೈರ್ಯ ನನಗಿಲ್ಲ."

"ಯಾಕೆ?"

"ರಿಟ್ ಅಂದ್ರೆ ಕೇಳಿದವರಿಗೆಲ್ಲ ಕೊಡೋ ಗಂಜಿ ಅಲ್ಲ. ಕಾಯಿದೆಯಲ್ಲಿ ಬೇರೆ ದಾರಿ ಇದ್ರೆ ಅಲ್ಲಿಗೆ ಹೋಗಿ ಅಂತಾರೆ ಜಡ್ಜು. ಇಲ್ಲಿ ದಾರಿ ಇದೆ. ನೋಟೀಸಲ್ಲೇ ಬರೆದಿದ್ದಾರೆ."

"ಆ ದಾರೀಲಿ ಹೋದ್ರೆ ದುಡ್ಡು ಸಿಗುತ್ತೆ. ಮರ ಸಿಗುತ್ತಾ?"

"ಅದನ್ನೇ ನಾನು ವಾದ ಮಾಡ್ಬೇಕಾಗಿರೋದು. ನೀವು ಆಗಲೇ ಮಾಡಿಬಿಟ್ರಿ. ಟೈಪ್ ಮಾಡಿ, ಮಾವ."

ತುರ್ತು ಅರ್ಜಿ ಹನ್ನೊಂದಕ್ಕೆ ದಾಖಲಾಯಿತು. ಮಧ್ಯಾಹ್ನ ಎರಡೂವರೆಗೆ ನ್ಯಾಯಮೂರ್ತಿ ಎಮುರೋನ್ ಅವರ ಮುಂದೆ ನಿಂತೆವು. ಅವರು ಪೂರ್ವದ ತೇಸೋ ಸೀಮೆಯವರು, ನಮ್ಮ ಭಾಷೆ ಬಾರದು, ಮುಟುಬಾ ಮರ ಅವರ ಊರಿನದಲ್ಲ. ಅದೇ ನನ್ನ ದೊಡ್ಡ ಭಯವಾಗಿತ್ತು.

ಸರ್ಕಾರಿ ವಕೀಲರು ಕೆಟ್ಟವರಲ್ಲ, ಚೆನ್ನಾಗಿ ಓದಿಕೊಂಡವರು. ಅಂಥವರೇ ಅಪಾಯ.

"ಮೈ ಲಾರ್ಡ್, ಬೆಲೆ ಕಡಿಮೆ ಆಯ್ತು ಅನ್ನೋರಿಗೆ ಮೌಲ್ಯಮಾಪನ ಅಧಿಕಾರಿ ಇದ್ದಾರೆ, ಅವರ ಮೇಲೆ ಮಂಡಳಿ ಇದೆ. ಆ ಮೆಟ್ಟಿಲು ಹತ್ತದೆ ನೇರ ಅಟ್ಟಕ್ಕೆ ಜಿಗಿದಿದ್ದಾರೆ ಇವರು. ಇನ್ನೊಂದು ವಿಷಯ ಅರ್ಜಿದಾರರು ತಮಗೆ ಹೇಳಿಲ್ಲ." ಅವರು ಫೋನು ತೆಗೆದು ಒಂದು ಚಿತ್ರವನ್ನು ಮೇಲಕ್ಕೆ ಕಳಿಸಿದರು. "ನಿನ್ನೆ ನಮ್ಮ ಎಂಜಿನಿಯರು ತೆಗೆದದ್ದು. ಶನಿವಾರವೇ ತೊಗಟೆ ಪೂರಾ ಸುಲಿದುಕೊಂಡಿದ್ದಾರೆ. ಮರದಿಂದ ಬರಬೇಕಾದ್ದು ಬಂತು. ಉಳಿದಿರೋದು ಸೌದೆ. ಸೌದೆಗೆ ರಿಟ್ ಯಾಕೆ, ಮೈ ಲಾರ್ಡ್?"

ವಕೀಲಮ್ಮ ತಿರುಗಿ ನನ್ನನ್ನು ನೋಡಿದಳು. ನಾನು ಅಜ್ಜನನ್ನು ನೋಡಿದೆ. ಅಜ್ಜ ಇದನ್ನು ನಮಗೂ ಹೇಳಿರಲಿಲ್ಲ. ಮುಚ್ಚಿಟ್ಟಿದ್ದಲ್ಲ, ಇದೊಂದು ಹೇಳುವ ವಿಷಯ ಎಂದೇ ಅವರಿಗೆ ತೋರಿರಲಿಲ್ಲ. ನಾರುಮಡಿಯವನು ಮಳೆಗಾಲದಲ್ಲಿ ಸುಲಿಯದೆ ಇನ್ನೇನು ಮಾಡುತ್ತಾನೆ? ಮುಗಿಯಿತು ಎಂದುಕೊಂಡೆ.

ಜಡ್ಜು ಚಿತ್ರವನ್ನು ಬಹಳ ಹೊತ್ತು ನೋಡಿದರು. "ಸುಲಿದ ಕಡೆ ಸುತ್ತ ಹಸಿರಾಗಿರೋದು ಏನು?"

"ಬಾಳೆ ಎಲೆ, ಮೈ ಲಾರ್ಡ್. ಏನೋ ಅವರ ಪದ್ಧತಿ."

"ಅರ್ಜಿದಾರರನ್ನೇ ಕೇಳ್ತೀನಿ." ದುಭಾಷಿ ಎದ್ದು ಅಜ್ಜನ ಪಕ್ಕಕ್ಕೆ ಬಂದ. "ತೊಗಟೆ ಯಾಕೆ ಸುಲಿದ್ರಿ?"

"ಮಂಗಳವಾರ ಉರುಳಿಸ್ತೀವಿ ಅಂದ್ರು, ಸ್ವಾಮಿ. ಮಣ್ಣುಪಾಲಾಗೋಕೆ ಮುಂಚೆ ಒಂದು ಬಟ್ಟೆ ಆದ್ರೂ ಆಗಲಿ ಅಂತ. ನನಗೇ ಬೇಕಾಗುತ್ತೆ. ನನಗೆ ಎಪ್ಪತ್ತೆಂಟು."

"ಎಲೆ ಯಾಕೆ ಸುತ್ತಿದ್ರಿ?"

"ಸುಲಿದ ಮೇಲೆ ಸುತ್ತಬೇಕಲ್ಲ. ಹೊಸ ಚರ್ಮ ಬರಬೇಕಲ್ಲ."

"ಮೂರು ದಿನಕ್ಕೆ ಹೋಗೋ ಮರಕ್ಕೆ ಹೊಸ ಚರ್ಮ ಯಾಕೆ?"

ಅಜ್ಜ ತಲೆ ತಗ್ಗಿಸಿಯೇ ಹೇಳಿದರು. "ಬೆತ್ತಲೆ ಬಿಟ್ಟು ಮನೆಯೊಳಗೆ ಹೋಗಿ ಮಲಗೋಕೆ ಮನಸ್ಸಾಗಲಿಲ್ಲ, ಸ್ವಾಮಿ."

ದುಭಾಷಿ ಅದನ್ನು ಇಂಗ್ಲಿಷಿಗೆ ತರಲು ಎರಡು ಸಲ ಪ್ರಯತ್ನಿಸಿದ. ಜಡ್ಜು ಪೆನ್ನು ಕೆಳಗಿಟ್ಟರು.

"ಬೇರೆ ಬಾಗಿಲು ತೆರೆದಿರುವಾಗ ಈ ಬಾಗಿಲು ತಟ್ಟಬಾರದು ಅನ್ನೋದು ನಿಜ," ಎಂದು ಸರ್ಕಾರಿ ವಕೀಲರಿಗೆ ಹೇಳಿದರು. "ಆದ್ರೆ ಆ ಬಾಗಿಲ ಆಚೆ ಏನು ಸಿಗುತ್ತೆ ಅಂತ ನಾನು ನೋಡಬೇಕು. ನಿಮ್ಮ ಮಂಡಳಿ ಬೆಲೆ ಹೆಚ್ಚಿಸಬಹುದು. ಮರ ನಿಲ್ಲಿಸೋ ಅಧಿಕಾರ ಅದಕ್ಕಿಲ್ಲ. ಇದು ಸೌದೆ ಅಂತ ನೀವಂತೀರಿ. ಸೌದೆಯ ಗಾಯಕ್ಕೆ ಯಾರೂ ಪಟ್ಟಿ ಕಟ್ಟಲ್ಲ. ಪೂರ್ತಿ ವಿಚಾರಣೆ ಆಗೋ ತನಕ ಯಂತ್ರ ಆ ಮರದ ಹತ್ತಿರ ಹೋಗಬಾರದು. ಇರೋ ಹಾಗೇ ಇರಲಿ. ಆದೇಶದ ಕರಡು ತನ್ನಿ."

ವಕೀಲಮ್ಮನಿಗೆ ಕಣ್ಣು ತುಂಬಿತ್ತು. ನನಗೆ ಸಂತೋಷಪಡಲು ಪುರಸತ್ತಿರಲಿಲ್ಲ. ಗಂಟೆ ಮೂರೂವರೆ. ಕರಡು ಟೈಪು ಮಾಡಬೇಕು, ರಿಜಿಸ್ಟ್ರಾರರ ಸಹಿ, ಮೇಲೆ ಮೊಹರು. ಐದಕ್ಕೆ ಬಾಗಿಲು ಹಾಕುತ್ತಾರೆ. ಮೊಹರಿಲ್ಲದ ಆದೇಶವನ್ನು ಯಂತ್ರದವನು ಬೀಡಿ ಹಚ್ಚಲು ಬಳಸುತ್ತಾನೆ.

ಇಲ್ಲಿ ನಾನೊಂದು ಹಳೆಯ ಸಂಕಟ ಹೇಳಬೇಕು. ಮೂರು ವರ್ಷದ ಹಿಂದೆ ಒಬ್ಬ ವಿಧವೆಯ ಮನೆಗೆ ಹೀಗೇ ತಡೆ ತಂದಿದ್ದೆವು. ಆದೇಶದಲ್ಲಿ ರಸ್ತೆ ಇಲಾಖೆಯ ಹೆಸರಷ್ಟೇ ಬರೆದಿದ್ದೆ. ಉಪಗುತ್ತಿಗೆಯವನೊಬ್ಬ ಬಂದು, "ಇದು ಇಲಾಖೆಗೆ, ನನಗಲ್ಲ" ಎಂದು ಮನೆಯನ್ನು ಕೆಡವಿ ಹೋದ. ಆಕೆ ನಮ್ಮ ಕಚೇರಿಗೆ ಬಂದು ಏನೂ ಅನ್ನದೆ ಅರ್ಧ ಗಂಟೆ ಕುಳಿತು ಎದ್ದು ಹೋಗಿದ್ದಳು. ಅಂದಿನಿಂದ ತಡೆಯಾಜ್ಞೆ ಬರೆಯುವಾಗ ನನಗೆ ಬೆರಳು ಸುಡುತ್ತದೆ. ಈ ಸಲ ಒಂದು ಇರುವೆಯೂ ನುಸುಳದ ಹಾಗೆ ಬರೆದೆ: ಮುಂದಿನ ಆದೇಶದವರೆಗೆ ಯಾವುದೇ ವ್ಯಕ್ತಿ, ಯಾವುದೇ ಕಾರಣಕ್ಕೂ, ಸದರಿ ಮರವನ್ನಾಗಲಿ ಅದಕ್ಕೆ ಸುತ್ತಿರುವ ಎಲೆಗಳನ್ನಾಗಲಿ ಮುಟ್ಟತಕ್ಕದ್ದಲ್ಲ. ಎಲೆಗಳೇ ನಮಗೆ ಕೇಸು ಗೆದ್ದುಕೊಟ್ಟಿದ್ದವು, ಅವನ್ನು ಯಾರಾದರೂ ಕಿತ್ತುಹಾಕಿಯಾರು ಎಂಬ ಬುದ್ಧಿವಂತಿಕೆ ನನ್ನದು. ವಕೀಲಮ್ಮ ಓದಿ ತಲೆಯಾಡಿಸಿದಳು.

ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಮೊಹರಿನ ಕಪಾಟಿನ ಬೀಗದ ಕೈಯವನು ಚಹಾಕ್ಕೆ ಹೋಗಿದ್ದ. ಅವನನ್ನು ಎರಡು ಬೀದಿ ಆಚೆಯ ಅಂಗಡಿಯಿಂದ ಎಬ್ಬಿಸಿ ತಂದೆ. ಐದಕ್ಕೆ ಎಂಟು ನಿಮಿಷ ಇರುವಾಗ ಮೊಹರು ಬಿತ್ತು.

ಮರುದಿನ ನಸುಕಿನಲ್ಲೇ ಬಾಡಿಗೆಯ ಬೋಡಾ ಬೈಕಿನ ಹಿಂದೆ ಕುಳಿತು ಬುಲಂಗಾಕ್ಕೆ ಹೋದೆ. ಯಂತ್ರ ಆಗಲೇ ಬಂದು ನಿಂತು ಹೊಗೆ ಬಿಡುತ್ತಿತ್ತು. ಮೇಸ್ತ್ರಿ ಆದೇಶವನ್ನು ಎರಡು ಸಲ ಓದಿದ, ಮೊಹರಿನ ಮೇಲೆ ಬೆರಳಾಡಿಸಿದ, ನೆಲಕ್ಕೆ ಉಗಿದ, ಯಂತ್ರ ಆರಿಸಿದ. ಠಾಣೆಯಿಂದ ವಾಂಡೆರಾ ಎಂಬ ಪೇದೆಯನ್ನು ಕಾವಲಿಗೆ ಹಾಕಿದರು. ಅಜ್ಜನ ಮನೆಯಲ್ಲಿ ಬೇಯಿಸಿದ ಬಾಳೆಕಾಯಿಯ ಮಟೋಕೆ, ಕಡಲೆಕಾಯಿ ಸಾರು ಹೊಟ್ಟೆ ಬಿರಿಯೆ ತಿಂದು ಬಂದೆ. ನನ್ನ ವಾಕ್ಯದ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು.

ಗುರುವಾರ ಅಜ್ಜನ ಫೋನು ಬಂತು.

"ಗುಮಾಸ್ತರೇ, ಈ ಪೊಲೀಸಪ್ಪ ನನ್ನನ್ನ ಮರದ ಹತ್ರ ಬಿಡ್ತಿಲ್ಲ."

"ಇರಲಿ ಬಿಡಿ ಅಜ್ಜ. ಯಂತ್ರಾನೂ ಬಿಡಲ್ಲವಲ್ಲ."

"ಶನಿವಾರಕ್ಕೆ ಏಳು ದಿನ. ಎಲೆ ಬಿಚ್ಚಬೇಕು."

"ಒಂದೆರಡು ವಾರ ತಡೆಯಲ್ವಾ?"

ಅಜ್ಜ ತೀರ ಮೆತ್ತಗೆ, ಮಗುವಿಗೆ ಹೇಳುವ ಹಾಗೆ ಹೇಳಿದರು. "ದಿನಾ ಮಳೆ ಹುಯ್ತಿದೆ. ಏಳು ದಿನದ ಮೇಲೆ ಬಿಟ್ರೆ ಒಳಗೇ ಬೆವೆತು ಹೊಸ ಚರ್ಮ ಕೊಳೆಯುತ್ತೆ. ಸುತ್ತ ಕೊಳೆತ್ರೆ ಮರ ಸಾಯುತ್ತೆ. ಯಂತ್ರವೇ ಬೇಕಾಗಲ್ಲ."

ಫೋನು ಇಟ್ಟವನು ಆದೇಶದ ಪ್ರತಿ ತೆಗೆದು ಓದಿದೆ. ಯಾವುದೇ ವ್ಯಕ್ತಿ. ಯಾವುದೇ ಕಾರಣಕ್ಕೂ. ಎಲೆಗಳನ್ನಾಗಲಿ. ಜಡ್ಜು ಯಂತ್ರವನ್ನು ತಡೆಯಿರಿ ಎಂದಿದ್ದರು. ಮರದ ಮಾಲೀಕನನ್ನು ತಡೆದವನು ನಾನು. ಅತಿಯಾದರೆ ಅಮೃತವೂ ವಿಷ ಎಂದು ಊರಿಗೆಲ್ಲ ಬುದ್ಧಿ ಹೇಳುವ ಬಾಯಿ ಇದು. ನನಗೆ ನನ್ನ ಮೇಲೇ ಅಸಹ್ಯವಾಯಿತು.

ವಕೀಲಮ್ಮ ಆದೇಶವನ್ನು ತೆಗೆದುಕೊಂಡು ಮತ್ತೊಮ್ಮೆ ಓದಿದಳು. ಬೈಯಲಿಲ್ಲ. "ಸಹಿ ನನ್ನದು, ಮಾವ," ಎಂದಷ್ಟೇ ಹೇಳಿ ಕೋಟು ಹಾಕಿಕೊಂಡಳು.

ಜಡ್ಜು ಬುಧವಾರವೇ ಕ್ರಿಮಿನಲ್ ಕೇಸುಗಳ ವಿಚಾರಣೆಗೆ ಗಡಿಯ ಜಿಲ್ಲೆಗೆ ಹೋಗಿದ್ದರು, ಹತ್ತು ದಿನ ಬರುವುದಿಲ್ಲ. ಜಡ್ಜಿನ ಆದೇಶವನ್ನು ತಿದ್ದುವ ಅಧಿಕಾರ ತಮಗಿಲ್ಲ ಎಂದರು ರಿಜಿಸ್ಟ್ರಾರರು. ತಿದ್ದುಪಡಿಗೆ ಅರ್ಜಿ ಹಾಕಿ, ಸರದಿಯಂತೆ ಎರಡು ವಾರ ಕಳೆದು ಇಪ್ಪತ್ತೊಂದನೇ ತಾರೀಕು ಬರುತ್ತದೆ.

"ಇದು ತುರ್ತು, ಸರ್," ಎಂದಳು ವಕೀಲಮ್ಮ.

"ಮರ ಉರುಳ್ತಾ ಇದೆಯಾ?"

"ಇಲ್ಲ. ಎಲೆ ಬಿಚ್ಚಬೇಕು."

"ಎಲೆ ಬಿಚ್ಚೋದಕ್ಕೆ ತುರ್ತು ಪ್ರಮಾಣಪತ್ರ," ಎಂದು ರಿಜಿಸ್ಟ್ರಾರರು ನನ್ನ ಕಡೆ ನೋಡಿದರು. ನಗುವಂತಿತ್ತು ಅವರ ಮುಖ. "ನೀವೇ ಅಲ್ವೇನ್ರೀ ಮುಟ್ಟಬಾರದು ಅಂತ ಬರ್ಕೊಂಡು ಬಂದಿದ್ದು? ಸಾಮಾನ್ಯ ದಾರಿ ಇದೆಯಲ್ಲಮ್ಮ, ಅದರಲ್ಲೇ ಬನ್ನಿ."

ಸರ್ಕಾರಿ ವಕೀಲರಿಗೆ ಫೋನು ಮಾಡಿ, ಇಬ್ಬರೂ ಒಪ್ಪಿದೆವೆಂದು ಬರೆದುಕೊಡೋಣ ಎಂದು ಕೇಳಿದಳು. "ನನ್ನದೇನೂ ತಕರಾರಿಲ್ಲ, ಆದ್ರೆ ಕಂಪಾಲಾ ಕಚೇರೀನ ಕೇಳದೆ ಸಹಿ ಹಾಕೋ ಹಾಗಿಲ್ಲ," ಎಂದರಂತೆ. ಶುಕ್ರವಾರ ಸಂಜೆಯವರೆಗೂ ಕಂಪಾಲಾದಿಂದ ಉತ್ತರವಿಲ್ಲ. ಹೊರಗೆ ಮಳೆ ಸುರಿಯುತ್ತಿತ್ತು. ಪ್ರತಿ ಸಲ ಜೋರಾದಾಗಲೂ ಇಬ್ಬರೂ ಕಿಟಕಿಯ ಕಡೆ ನೋಡುತ್ತಿದ್ದೆವು.

"ಅಜ್ಜನಿಗೆ ಏನು ಹೇಳಲಿ?" ಎಂದೆ.

"ಬಿಚ್ಚಿ ಅಂತ ಹೇಳೋ ಹಾಗಿಲ್ಲ. ತಮ್ಮ ಆದೇಶ ತಾವೇ ಮುರಿದ್ರು ಅಂತಾದ್ರೆ ಅವರ ಅರ್ಜಿಯನ್ನ ಯಾವ ಕೋರ್ಟೂ ಕೇಳಲ್ಲ. ತಡೆ ಹೋಗುತ್ತೆ, ಸೋಮವಾರ ಯಂತ್ರ ಬರುತ್ತೆ. ಬಿಚ್ಚಬೇಡಿ ಅಂತ ಹೇಳೋಕೆ ನನಗೆ ಬಾಯಿ ಬರ್ತಿಲ್ಲ."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ ಎಂದು ಬೇರೆ ಹೇಳಬೇಕಿಲ್ಲ. ಶನಿವಾರ ಬೆಳಿಗ್ಗೆ ಕಚೇರಿಗೆ ಹೋಗದೆ ಬೋಡಾ ಹತ್ತಿದೆ. ವಕೀಲಮ್ಮನಿಗೆ ಹೇಳಲಿಲ್ಲ. ಹೇಳಿದ್ದರೆ ಅವಳು ಬೇಡ ಅನ್ನಬೇಕಾಗುತ್ತಿತ್ತು.

ಅಜ್ಜ ಅಂಗಳದ ಅಂಚಿನಲ್ಲಿ ನಿಂತಿದ್ದರು. ಮುಂಜಾನೆಯಿಂದ ಅಲ್ಲೇ ನಿಂತಿದ್ದಾರೆ, ತಿಂಡಿಗೂ ಬಂದಿಲ್ಲ ಎಂದು ಅವರ ಹೆಂಡತಿ ಬಾಗಿಲಿಂದ ಹೇಳಿದರು. ಮರದ ಬುಡದಲ್ಲಿ ಮಣೆಯ ಮೇಲೆ ಪೇದೆ ವಾಂಡೆರಾ ಕುಳಿತಿದ್ದ. ಆದೇಶದ ಪ್ರತಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದ. ಬಾಳೆ ಎಲೆಗಳು ಕಂದಾಗಿ ಮರಕ್ಕೆ ಅಂಟಿಕೊಂಡಿದ್ದವು. ಹುಳಿ ವಾಸನೆ ಬರುತ್ತಿತ್ತು.

"ನಾನೇ ಬಿಚ್ತೀನಿ," ಎಂದರು ಅಜ್ಜ ನನ್ನನ್ನು ಕಂಡವರೇ. "ಹಿಡ್ಕೊಂಡು ಹೋದ್ರೆ ಹೋಗ್ಲಿ. ಈ ವಯಸ್ಸಿಗೆ ಜೈಲೇನು, ಮನೆಯೇನು."

"ನೀವು ಮುಟ್ಟಿದ್ರೆ ಕೇಸೇ ಹೋಗುತ್ತೆ, ಅಜ್ಜ. ಕೈ ಹಿಂದಕ್ಕೆ ಕಟ್ಕೊಳ್ಳಿ. ಹೇಗೆ ಬಿಚ್ಚಬೇಕು ಅಂತ ಬಾಯಲ್ಲಿ ಹೇಳಿ."

ಅಜ್ಜ ನನ್ನ ಮುಖವನ್ನೇ ನೋಡಿದರು. ಆಮೇಲೆ ನಿಧಾನವಾಗಿ ಎರಡೂ ಕೈ ಹಿಂದೆ ಕಟ್ಟಿಕೊಂಡರು.

ಪೇದೆ ಎದ್ದು ನಿಂತ. "ಯಾವುದೇ ವ್ಯಕ್ತಿ ಅಂತ ಬರೆದಿದೆ, ಸ್ವಾಮಿ. ನೀವೂ ವ್ಯಕ್ತಿಯೇ."

"ಗೊತ್ತಪ್ಪ. ಬರೆದವನೇ ನಾನು."

"ನಾನು ರಿಪೋರ್ಟ್ ಮಾಡಲೇಬೇಕಾಗುತ್ತೆ."

"ಮಾಡು. ನಿನ್ನ ಕೆಲಸ ನೀನು ಮಾಡು."

ನ್ಯಾಯಾಂಗ ನಿಂದನೆ ಎಂದರೆ ಏನೆಂದು ಇಪ್ಪತ್ತೇಳು ವರ್ಷದಿಂದ ಟೈಪು ಮಾಡಿದವನು ನಾನು. ಕೆಲಸ ಹೋಗಬಹುದು, ಒಳಗೂ ಹೋಗಬಹುದು. ಮನೆಯಲ್ಲಿ ಹೆಂಡತಿಗೆ ಸಂತೆಗೆ ಹೋಗುತ್ತೇನೆಂದು ಹೇಳಿ ಬಂದಿದ್ದೆ.

"ಮೇಲಿನ ಹಗ್ಗ ಮೊದಲು," ಎಂದರು ಅಜ್ಜ. "ಎಳೀಬೇಡ. ಚರ್ಮ ಎಲೆ ಜೊತೆ ಬಂದುಬಿಡುತ್ತೆ. ಕೆಳಗಿನಿಂದ ಉಗುರು ಹಾಕಿ ಮೆಲ್ಲಗೆ ಎತ್ತು. ಹಾಂ. ಅಲ್ಲಿ ಅಂಟಿದೆ, ನೀರು ಹಚ್ಚು."

ಒಂದೊಂದೇ ಎಲೆ ಬಿಡಿಸಿದೆ. ಒಳಗೆ ಮರ ಒದ್ದೆಯಾಗಿತ್ತು, ಬೆಚ್ಚಗಿತ್ತು. ಮಳೆ ಹೊಡೆಯುವ ಬದಿಯಲ್ಲಿ ಎರಡು ಅಂಗೈಯಷ್ಟು ಅಗಲ ಕಪ್ಪಾಗಿತ್ತು. ಉಳಿದ ಎಲೆಗಳನ್ನು ತೆಗೆಯಲು ಧೈರ್ಯವೇ ಸಾಲದಾಯಿತು. ಅಜ್ಜ ಹಿಂದೆ ಕಟ್ಟಿದ ಕೈ ಬಿಡದೆ ಬಾಗಿ, ಮೂಗು ಹತ್ತಿರ ತಂದು ಮೂಸಿದರು.

"ನೋಡೋದು ಮುಟ್ಟೋದಲ್ಲ ತಾನೇ?" ಎಂದು ಪೇದೆಯನ್ನು ಕೇಳಿದರು.

"ಅಲ್ಲ," ಎಂದ ವಾಂಡೆರಾ.

"ಇದು ಅಲ್ಲಿಗೇ ನಿಲ್ಲುತ್ತೆ. ಉಳಿದದ್ದೂ ಬಿಡಿಸು."

ಉಳಿದ ಸುತ್ತೆಲ್ಲ ತೆಳ್ಳಗೆ ಹಸಿರು ಪೊರೆ ಕಟ್ಟಿತ್ತು. ಅಷ್ಟು ಎಳೆಯದನ್ನು ನಾನು ಈ ಕೈಗಳಿಂದ ಎಂದೂ ಮುಟ್ಟಿರಲಿಲ್ಲ. ಕೊನೆಯ ಎಲೆ ಬಿದ್ದಾಗ ಅಜ್ಜ ದೊಡ್ಡದಾಗಿ ಉಸಿರು ಬಿಟ್ಟು ನೆಲಕ್ಕೆ ಕುಸಿದು ಕುಳಿತರು. ಆಗಲೂ ಕೈ ಹಿಂದೆಯೇ ಇತ್ತು.

ವಾಂಡೆರಾ ಜೇಬಿನಿಂದ ನೋಟುಪುಸ್ತಕ ತೆಗೆದ. ನನ್ನ ಹೆಸರು ಕೇಳಿದ, ಸೆಬುನ್ಯಾ ಎಂದೆ. ತಂದೆಯ ಹೆಸರು, ಕೆಲಸ, ಊರು. ಎಲ್ಲವನ್ನೂ ಬರೆದುಕೊಂಡು ಪೆನ್ನನ್ನು ಹಾಗೇ ಹಿಡಿದು ನಿಂತ.

"ಕಾರಣ ಅಂತ ಒಂದು ಬರೀಬೇಕು," ಎಂದ.

ಬೇರೆಯವರ ಕಾರಣಗಳನ್ನು ಪುಟಗಟ್ಟಲೆ ಟೈಪು ಮಾಡಿದವನು ನಾನು. ಅಂಕಿ ಹಾಕಿ, ಉಪಅಂಕಿ ಹಾಕಿ, ಮೇಲೆ ಪ್ರಮಾಣ ಮಾಡಿಸಿ. ಆ ಹೊತ್ತಿಗೆ ಬಾಯಿಗೆ ಒಂದೂ ಬರಲಿಲ್ಲ. ಕೆಳಗೆ ಕುಳಿತಿದ್ದ ಅಜ್ಜನೇ ಹೇಳಿದರು.

"ಏಳು ದಿನ ಆಯ್ತು ಅಂತ ಬರ್ಕೋಪ್ಪ."

ವಾಂಡೆರಾ ಬರೆದುಕೊಂಡ. ಪುಸ್ತಕವನ್ನು ನನ್ನ ಕಡೆ ತಿರುಗಿಸಿದ. ಮರದ ಅಂಟು ಮೆತ್ತಿದ ಕೈಯಲ್ಲೇ ಅದರ ಕೆಳಗೆ ಸಹಿ ಹಾಕಿದೆ.